ಅನ್ನಮ್ಮನ ಇಕ್ಕಳ ಮತ್ತು ಕೆಂಪಾದ ಅಪ್ಪ

ಕುಷ್ಟಗಿಯ ಅನ್ನಮ್ಮನ ಸಾಮ್ರಾಜ್ಯದ ಉದ್ದ ಒಂದೂವರೆ ಮೊಳ. ಅದು ಕಬ್ಬಿಣದ್ದು. ಎರಡು ಉದ್ದನೆಯ ಹಿಡಿಕೆ, ಹಿಡಿಕೆಯ ತುದಿಗೆ ಅಂಗೈಯಗಲದ ಎರಡು ಚಪ್ಪಟೆ ಫಲಕ, ಫಲಕದ ಒಳಮೈಯಲ್ಲಿ ಕೆತ್ತಿದ ನಾಲ್ಕು ಶಿಲುಬೆ. ಈ ಇಕ್ಕಳವನ್ನು ಕೆಂಡದ ಮೇಲೆ ಕಾಯಿಸಿ, ತೆಳ್ಳಗೆ ಕಲಸಿದ ಗೋಧಿಹಿಟ್ಟನ್ನು ಒಂದು ಚಮಚ ಸುರಿದು, ಅದುಮಿ ಹಿಡಿದು, ಒಂದು ಪರಲೋಕ ಮಂತ್ರ ಹೇಳಿ ಮುಗಿಸುವಷ್ಟು ಹೊತ್ತು ಕಾದರೆ ಒಳಗಿನಿಂದ ಕಾಗದದಂಥ ಬಿಳಿ ಹಾಳೆ ಬರುತ್ತದೆ. ಅದರಲ್ಲಿ ರೂಪಾಯಿಯಗಲದ ಬಿಲ್ಲೆಗಳನ್ನು ಕತ್ತರಿಸಿ ತೆಗೆದರೆ ಅವೇ ಪೂಜೆಯ ಅಪ್ಪಗಳು. ಗುರುಗಳು ಪೂಜೆಯಲ್ಲಿ ಅವನ್ನೆತ್ತಿ ಮಂತ್ರ ಹೇಳಿದ ಗಳಿಗೆಯಿಂದ ಅವು ಅಪ್ಪಗಳಲ್ಲ, ಪರಮಪ್ರಸಾದ. ಕಥೋಲಿಕರ ಪಾಲಿಗೆ ಸಾಕ್ಷಾತ್ ಕ್ರಿಸ್ತನ ಶರೀರ.

ಆ ಇಕ್ಕಳ ಮುದಗಲ್ಲಿನಿಂದ ಅನ್ನಮ್ಮನ ಅತ್ತೆಯ ಜೊತೆ ಎತ್ತಿನ ಗಾಡಿಯಲ್ಲಿ ಕುಷ್ಟಗಿಗೆ ಬಂದಿತ್ತು. ಅತ್ತೆ ಸಾಯುವಾಗ ಮಗನಿಗೆ ಹೊಲದ ಮಾತು ಹೇಳಲಿಲ್ಲ, ಏಕೆಂದರೆ ಹೊಲವಿರಲಿಲ್ಲ. ಸೊಸೆಯನ್ನು ಕರೆದು ಇಕ್ಕಳ ಕೈಗಿಟ್ಟಳು. ಅಂದಿನಿಂದ ಇಪ್ಪತ್ತೆರಡು ವರ್ಷ, ಪ್ರತಿ ಶನಿವಾರ ಮಧ್ಯಾಹ್ನ ಅನ್ನಮ್ಮನ ಒಲೆ ಹೊತ್ತಿದೆ, ಪ್ರತಿ ಭಾನುವಾರ ಬೆಳಿಗ್ಗೆ ಅವಳ ತಾಟು ತುಂಬಿ ಗುಡಿಯ ಮೆಟ್ಟಿಲು ಹತ್ತಿದೆ. ನಡುವೆ ಗಂಡ ತೀರಿಕೊಂಡ, ಪ್ಲೇಗು ಬಂತು, ಎರಡು ಸಲ ಮಾಡಿನ ಹಂಚು ಹಾರಿತು, ತಾಟು ಖಾಲಿಯಾಗಲಿಲ್ಲ. ತಾಟು ಹಿಡಿದು ನಡುಹಾದಿಯಲ್ಲಿ ಅವಳು ನಡೆದು ಬರುವ ಠೀವಿ ಕಂಡರೆ ನಿಜಾಮರ ಪರಿವಾರವೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತೇನೋ.

ಸಾಮ್ರಾಜ್ಯವೆಂದ ಮೇಲೆ ಅದರ ಮೇಲೆ ಕಣ್ಣಿಟ್ಟವರು ಇರಲೇಬೇಕು. ಗುಡಿಯಲ್ಲಿ ಜಪ ಹೇಳಿಕೊಡುವ ಉಪದೇಶಿ ಚೌರಪ್ಪನ ಹೆಂಡತಿ ಜಪಮಾಲಮ್ಮ ಹನ್ನೆರಡು ವರ್ಷಗಳಿಂದ ಆ ಇಕ್ಕಳವನ್ನು ನೋಡುತ್ತ ಉಗುಳು ನುಂಗುತ್ತಿದ್ದಳು. "ನಿನಗ ವಯಸ್ಸಾತು, ಅನ್ನಕ್ಕ. ಕೈ ನಡುಗತಾವ. ನನ್ನ ಕೈಯಾಗ ಕೊಟ್ಟು ಕೂಡಬಾರದೇನು" ಎಂದು ವರ್ಷಕ್ಕೆರಡು ಸಲ ಕರುಣೆ ತೋರಿಸುತ್ತಿದ್ದಳು.

"ನಡುಗೂದು ಕೈ ಅಲ್ಲವ್ವ, ನಿನ್ನ ಕಣ್ಣು" ಎನ್ನುತ್ತಿದ್ದಳು ಅನ್ನಮ್ಮ.

ಸಾವಿರದ ಒಂಬೈನೂರ ನಲವತ್ತನಾಲ್ಕರ ಪಾಸ್ಕ, ಅಂದರೆ ಈಸ್ಟರ್ ಹಬ್ಬದ ಹಿಂದಿನ ವಾರ ಈ ಸಾಮ್ರಾಜ್ಯ ಅಲುಗಿತು. ಎಲ್ಲೋ ದೂರದಲ್ಲಿ ಯುದ್ಧ. ಅದಕ್ಕಾಗಿ ಸರಕಾರದ ಲೇವಿಯವರು ಕುಷ್ಟಗಿ ಯಲಬುರ್ಗಾ ಸೀಮೆಯ ಗೋಧಿಯನ್ನು ಕಣದಿಂದಲೇ ಅಳೆದು ಒಯ್ದಿದ್ದರು. ರಾಯಚೂರಿನಿಂದ ಬರಬೇಕಾದ ಮಿಷನ್ನಿನ ಗೋಧಿ ಚೀಲವೂ ಬರಲಿಲ್ಲ. ಪ್ರತಿ ವಾರ ಅರವತ್ತು ಅಪ್ಪ ಸಾಕು. ಪಾಸ್ಕಕ್ಕೆ ಸುತ್ತಲ ಹಳ್ಳಿಯವರೆಲ್ಲ ಬರುವುದರಿಂದ ನಾನೂರು ಬೇಕು. ಅನ್ನಮ್ಮನ ಡಬ್ಬಿಯಲ್ಲಿದ್ದ ಹಿಟ್ಟು ಮುನ್ನೂರಕ್ಕೆ ಸಾಲುವಂತಿತ್ತು. ಗುರುಗಳಾದ ಇನ್ನಾಸಪ್ಪನವರು, "ಗೋಧಿ ಕಡಿಮಿ ಬಿದ್ದರ ಹೇಳವ್ವ, ಒಂದೊಂದು ಅಪ್ಪಾ ಎರಡು ತುಂಡು ಮಾಡಿ ಕೊಡ್ತೀನಿ" ಎಂದು ಮೊದಲೇ ಹೇಳಿದ್ದರು. ಅವಳು ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹಬ್ಬದ ದಿನ ತಾಟು ಕಡಿಮೆ ಬಿತ್ತೆಂದು ಹೇಳುವ ನಾಲಿಗೆಯನ್ನು ದೇವರು ಅನ್ನಮ್ಮನಿಗೆ ಕೊಟ್ಟಿರಲಿಲ್ಲ.

ಪಕ್ಕದ ಮನೆಯ ಇಮಾಮಬಾನು ಅವಳೊಂದಿಗೆ ಒಂದೇ ಬೀಸುವ ಕಲ್ಲಿಗೆ ಕೂರುವ ಗೆಳತಿ. ಅವಳ ಗಂಡ ರಾಜಾಸಾಬ ಹಗೇವಿಗೆ ಇಳಿಯುವ ಕೆಲಸದವನು. ನೆಲದೊಳಗೆ ಆಳವಾಗಿ ತೋಡಿದ ಜೋಳದ ಗುಂಡಿಗೆ ಹಗೇವು ಎನ್ನುತ್ತಾರೆ. ಲೇವಿಯವರ ಕಣ್ಣಿಗೆ ಬೀಳದ ಒಂದು ಹಗೇವನ್ನು ಅವನು ಆ ವಾರ ತೆಗೆದಿದ್ದ. ತಳದ ಜೋಳವೇ ಅವನ ಕೂಲಿ. ತಳದ ಜೋಳ ಸ್ವಲ್ಪ ಮುಗ್ಗು, ಸ್ವಲ್ಪ ತೇವ. ಆದರೂ ಬೀಸಿದರೆ ಬೆಳ್ಳಗೇ ಇತ್ತು. ಮೂರು ಪಾಲು ಗೋಧಿಗೆ ಒಂದು ಪಾಲು ಜೋಳ ಬೆರೆಯಿತು.

"ನಿಮ್ಮ ದೇವರು ಜ್ವಾಳ ಉಣ್ಣೂದಿಲ್ಲೇನು?" ಎಂದಳು ಇಮಾಮಬಾನು, ಕಲ್ಲು ತಿರುಗಿಸುತ್ತ.

"ಉಣ್ಣತಾನ. ಆದರ ಪೂಜಿ ಒಳಗ ಗೋಧಿನ ಆಗಬೇಕು. ಬ್ಯಾರೆ ಕಾಳಿನ ಹಿಟ್ಟಿಗೆ ಮಂತ್ರ ಹತ್ತೂದಿಲ್ಲಂತ."

"ಹಂಗಾದರ?"

"ಹಂಗಾದರ ನೀ ಸುಮ್ಮಕ ಬೀಸು."

ಸಾಮಾನ್ಯವಾಗಿ ಬಿಲ್ಲೆ ಕತ್ತರಿಸಿ ಉಳಿದ ಅಂಚುಗಳನ್ನು ಓಣಿಯ ಮಕ್ಕಳು ತಿಂದು ಹೋಗುತ್ತಿದ್ದರು. ಆ ಶನಿವಾರ ಅನ್ನಮ್ಮ ಅವರನ್ನು ಹೊಸ್ತಿಲಲ್ಲೇ ಗದರಿಸಿ ಓಡಿಸಿದಳು. ಮಕ್ಕಳ ನಾಲಿಗೆಗೆ ಜೋಳದ ರುಚಿ ಸಿಕ್ಕರೆ ಓಣಿಗೆಲ್ಲ ಡಂಗುರ. ಅಂಚುಗಳನ್ನೆಲ್ಲ ಒಂದು ಮಣ್ಣಿನ ಕುಡಿಕೆಗೆ ತುಂಬಿ ನೀರಿನ ಹರಿವಿಯ ಹಿಂದೆ ತಳ್ಳಿಬಿಟ್ಟಳು.

ಹಬ್ಬ ವೈಭವದಿಂದ ಮುಗಿಯಿತು, ಒಂದು ಸಣ್ಣ ಎಡವಟ್ಟಿನ ಹೊರತು. ಹಲ್ಲಿಲ್ಲದ ಒಬ್ಬ ಮುದುಕನ ನಾಲಿಗೆಯಿಂದ ಪರಮಪ್ರಸಾದ ಜಾರಿ ನೆಲಕ್ಕೆ ಬಿತ್ತು. ಇನ್ನಾಸಪ್ಪನವರು ನಿಯಮದಂತೆ ಅದನ್ನು ಭಕ್ತಿಯಿಂದ ಎತ್ತಿ, ಗಾಜಿನ ಲೋಟದ ನೀರಿಗೆ ಹಾಕಿ, ಮುಚ್ಚಿ, ಪೀಠದ ಪಕ್ಕದ ಗೂಡಿನಲ್ಲಿಟ್ಟು ಬೀಗ ಹಾಕಿದರು. ಎರಡು ಮೂರು ದಿನದಲ್ಲಿ ಅದು ಕರಗಿಹೋದರೆ ಆ ನೀರನ್ನು ಯಾರೂ ತುಳಿಯದ ನೆಲಕ್ಕೆ ಸುರಿಯುವುದು ಪದ್ಧತಿ.

ಬುಧವಾರ ಬೆಳಿಗ್ಗೆ ಗೂಡು ತೆಗೆದರೆ ಪರಮಪ್ರಸಾದ ಕರಗಿರಲಿಲ್ಲ. ಅದರ ಒಂದು ಮಗ್ಗುಲು ಕೆಂಪಾಗಿತ್ತು, ನೀರಿಗೂ ಕೆಂಪು ಇಳಿದಿತ್ತು. ದೀಪ ಹಿಡಿದು ಹಿಂದೆ ನಿಂತಿದ್ದ ಚೌರಪ್ಪ ದೀಪ ಬೀಳಿಸಿದ. ಗುರುಗಳು "ಯಾರಿಗೂ ಹೇಳಬ್ಯಾಡ" ಎಂದರು. ಚೌರಪ್ಪ ಯಾರಿಗೂ ಹೇಳಲಿಲ್ಲ; ಗಂಟೆ ಬಾರಿಸಿದ, ಅಷ್ಟೇ. ಜನ ತಾವಾಗಿಯೇ ಬಂದರು.

ಜನರ ಬಾಯಿ ಮುಚ್ಚಿಸಲು ಇನ್ನಾಸಪ್ಪನವರು ಗುಡಿಯ ಕಟ್ಟೆಯ ಮೇಲೆ ನಿಂತು ತಿಳಿಹೇಳಿದರು. ಇಟಲಿಯ ಲಾಂಚಿಯಾನೊ ಎಂಬ ಊರಲ್ಲಿ, ಬೊಲ್ಸೇನಾ ಎಂಬ ಊರಲ್ಲಿ, ಮನಸ್ಸಿನೊಳಗೇ ಶಂಕೆಯಿಟ್ಟುಕೊಂಡು ಪೂಜೆ ಮಾಡಿದ ಗುರುಗಳ ಕೈಯಲ್ಲಿ ಪರಮಪ್ರಸಾದ ರಕ್ತ ಸುರಿಸಿತೆಂದು ಬಹುಕಾಲದ ನಂಬಿಕೆಯಿದೆ. ಆದರೆ ಯಾರೋ ಕೆಂಪು ಕಂಡೆ ಎಂದ ಮಾತ್ರಕ್ಕೆ ಧರ್ಮಸಭೆ ತಲೆ ಆಡಿಸುವುದಿಲ್ಲ. ಬಿಷಪ್ಪರು ವಿಚಾರಣೆಗೆ ಒಬ್ಬರನ್ನು ಕಳಿಸುತ್ತಾರೆ. ಕಂಡವರೆಲ್ಲ ಶುಭಸಂದೇಶದ ಪುಸ್ತಕ ಮುಟ್ಟಿ ಒಬ್ಬೊಬ್ಬರಾಗಿ ಸಾಕ್ಷಿ ಹೇಳಬೇಕು. ಅಪ್ಪ ಯಾರು ಸುಟ್ಟರು, ಹಿಟ್ಟು ಎಲ್ಲಿಯದು, ಬೀಗದ ಕೈ ಯಾರ ಹತ್ತಿರವಿತ್ತು ಎಂಬುದೆಲ್ಲ ದಾಖಲಾಗಬೇಕು. ತಿಳಿದವರು ಪರೀಕ್ಷೆ ಮಾಡಬೇಕು. ಸಹಜ ಕಾರಣ ಒಂದು ಸಿಕ್ಕರೂ ಕಡತ ಮುಚ್ಚಿತು. "ಬಹಳಷ್ಟು ಕಡತ ಮುಚ್ಚೇ ಹೋಗತಾವ" ಎಂದು ಗುರುಗಳು ಮುಗಿಸಿದರು.

ಚೌರಪ್ಪನ ಕಿವಿಗೆ ಹೊಕ್ಕದ್ದು ಊರ ಹೆಸರುಗಳು ಮಾತ್ರ. "ಲಾಂಚಿಯಾನೊ, ಬೊಲ್ಸೇನಾ, ಕುಷ್ಟಗಿ" ಎಂದು ಅವನು ಬೆರಳು ಮಡಚಿ ಎಣಿಸಿದ. ಸಂಜೆಯೊಳಗೆ ಶಾಯಿಯ ಮೆತ್ತೆ ತಂದು ಹೆಬ್ಬೆಟ್ಟಿನ ಮಹಜರು ಶುರು ಮಾಡಿದ. ಬುಧವಾರ ಸಹಿ ಮಾಡಿದವರಿಗೆ ಸ್ವಲ್ಪ ಕೆಂಪು ಕಂಡಿತ್ತು. ಗುರುವಾರದವರಿಗೆ ರಕ್ತ ಹನಿಯುತ್ತಿತ್ತು. ಶುಕ್ರವಾರ, ಎರಡೂ ಕಣ್ಣಿಗೆ ಪೊರೆ ಬಂದ ಮುದಿಯಪ್ಪಜ್ಜ ಲೋಟದಲ್ಲಿ ಶಿಲುಬೆಯನ್ನು ಸ್ಪಷ್ಟವಾಗಿ ಕಂಡುದಾಗಿ ಹೆಬ್ಬೆಟ್ಟು ಒತ್ತಿದ. ಅಪ್ಪ ಸುಟ್ಟ ಅನ್ನಮ್ಮನ ಮನೆಯ ಮಣ್ಣನ್ನು ಜನ ಚಿಟಿಕೆ ಚಿಟಿಕೆಯಾಗಿ ಸೆರಗಿಗೆ ಕಟ್ಟಿಕೊಂಡು ಹೋಗತೊಡಗಿದರು. ಅವಳ ಮನೆಯ ಕಟ್ಟೆ ತಗ್ಗಾಯಿತು.

ಅನ್ನಮ್ಮ ಮೂರು ದಿನ ಆಕಾಶದಲ್ಲಿದ್ದಳು. ಜೋಳದ ನೆನಪು ಆಗಾಗ ಚುಚ್ಚುತ್ತಿತ್ತು. ಆದರೆ ದೇವರೇ ರಕ್ತ ಸುರಿಸಿ ಒಪ್ಪಿಕೊಂಡ ಹಿಟ್ಟನ್ನು ತಾನು ಯಾಕೆ ಜರಿಯಲಿ ಎಂದು ಅದನ್ನು ಒಳಗೇ ತುಳಿದಿದ್ದಳು. ಶನಿವಾರ ಬೆಳಿಗ್ಗೆ ಹರಿವಿ ತೊಳೆಯಲು ಸರಿಸಿದಾಗ ಹಿಂದಿನ ಕುಡಿಕೆ ಕಾಲಿಗೆ ತಾಗಿತು. ಮುಚ್ಚಳ ತೆಗೆದಳು.

ಅಂಚುಗಳೆಲ್ಲ ಕೆಂಪಾಗಿದ್ದವು. ಹರಿವಿಯ ತೇವ ಕುಡಿದು, ಅಂಟಂಟಾಗಿ, ಲೋಟದಲ್ಲಿದ್ದ ಅದೇ ಕೆಂಪು. ಆ ಅಂಚುಗಳು ಗುಡಿಯ ಮೆಟ್ಟಿಲು ಕಂಡಿರಲಿಲ್ಲ. ಅವುಗಳ ಮೇಲೆ ಯಾರೂ ಮಂತ್ರ ಹೇಳಿರಲಿಲ್ಲ.

ಅನ್ನಮ್ಮ ಮೊದಲು ಬಾಗಿಲ ಅಗಳಿ ಹಾಕಿದಳು. ಆಮೇಲೆ ಕುಡಿಕೆಯ ಮುಂದೆ ನೆಲಕ್ಕೆ ಕುಳಿತಳು. ಹೊರಗೆ ಯಾರೋ ಭಕ್ತರು ಕಟ್ಟೆ ಕೆರೆಯುವ ಸದ್ದು ಕೇಳುತ್ತಿತ್ತು.

ಹಿತ್ತಲ ಬಾಗಿಲಿಂದ ಬಂದ ಇಮಾಮಬಾನು ಕುಡಿಕೆಗೆ ಮೂಗು ತಂದಳು. "ಹಗೇವಿನ ವಾಸನಿ. ನಮ್ಮ ಮನ್ಯಾಗ ಉಳಿದ ಹಿಟ್ಟಿಗೂ ಹಿಂಗ ಬೂಷ್ಟು ಬಂದಿತ್ತು. ನಾ ತಿಪ್ಪಿಗೆ ಚೆಲ್ಲಿದೆ. ನೀನೂ ಚೆಲ್ಲು, ಅನ್ನಕ್ಕ. ಕುಡಿಕಿ ನಾ ಒಡಿತೀನಿ, ಕೊಡು."

"ಪುಸ್ತಕಾ ಮುಟ್ಟಿ ಹಿಟ್ಟು ಯಾವದಂತ ಕೇಳ್ತಾರ, ಬಾನು."

"ಗೋಧಿ ಅನ್ನು."

"ಸುಳ್ಳಾಣಿ ಆಗತೈತಿ."

"ಹಂಗಾದರ ಜ್ವಾಳ ಅನ್ನು."

"ಇಕ್ಕಳ ಹೋಗತೈತಿ." ಅನ್ನಮ್ಮ ಗೂಟಕ್ಕೆ ತೂಗಿದ್ದ ಕಬ್ಬಿಣವನ್ನು ನೋಡಿದಳು. "ಪಾಸ್ಕ ಹಬ್ಬಕ್ಕ ನಾನೂರು ಮಂದಿಗೆ ಏನು ಕೊಟ್ಟೆ ಅನ್ನೂದು ಗೊತ್ತಾದ ಮ್ಯಾಗ ನನ್ನ ಕೈಯಾಗ ಅದನ್ನ ಯಾರು ಬಿಡ್ತಾರ? ಜಪಮಾಲಮ್ಮ ಸಂಜಿ ಅನ್ನೂದರೊಳಗ ಬಂದು ಒಯ್ತಾಳ."

ಇಮಾಮಬಾನು ಕುಡಿಕೆ ಒಡೆಯಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಅಂದು ಮಧ್ಯಾಹ್ನ ಅನ್ನಮ್ಮನ ತಲೆಗೆ ಒಂದು ಉಪಾಯ ಹೊಳೆಯಿತು. ಮಹಾ ಉಪಾಯ. ಅವಳು ಪಾಪನಿವೇದನೆಗೆ ಹೋಗಿ ಜಾಲರಿಯ ಮುಂದೆ ಮೊಣಕಾಲೂರಿ, ಗೋಧಿ ಕಡಿಮೆ ಬಿದ್ದದ್ದು, ಜೋಳ, ಹಗೇವು, ಕುಡಿಕೆ ಎಲ್ಲವನ್ನೂ ಇನ್ನಾಸಪ್ಪನವರ ಕಿವಿಗೆ ಸುರಿದಳು. ಗುರುಗಳಿಗೆ ಒಮ್ಮೆ ತಿಳಿಸಿದರೆ ಮುಂದಿನದನ್ನು ಗುರುಗಳೇ ನೋಡಿಕೊಳ್ಳುತ್ತಾರೆ. ಬಿಷಪ್ಪರಿಗೆ ಏನೋ ಒಂದು ಬರೆದು ಸದ್ದಿಲ್ಲದೆ ಕಡತ ಮುಚ್ಚಿಸುತ್ತಾರೆ. ತನ್ನ ಹೆಸರು ಬರುವುದಿಲ್ಲ, ಇಕ್ಕಳ ಗೂಟದಲ್ಲೇ ಉಳಿಯುತ್ತದೆ.

ಜಾಲರಿಯ ಆಚೆಯಿಂದ ಇನ್ನಾಸಪ್ಪನವರು ಕ್ಷೀಣ ದನಿಯಲ್ಲಿ ಮೂರು ಜಪಮಾಲೆ ಹೇಳಲು ವಿಧಿಸಿ, "ಸಾಕ್ಷಿಗೆ ಕರೆದರ ಖರೇ ಹೇಳವ್ವ" ಎಂದು ಪಾಪಕ್ಷಮೆ ಕೊಟ್ಟರು.

ಮರುದಿನ ಪೂಜೆ ಮುಗಿದ ಮೇಲೆ ಅವಳು ಅಂಗಳದಲ್ಲಿ ಅವರನ್ನು ಹಿಡಿದಳು. "ಸ್ವಾಮೇರ, ಬಿಷಪ್ಪರಿಗೆ ಬರದ್ರೇನ್ರಿ?"

"ಏನಂತ?"

"ಅದ, ನಿನ್ನಿ ನಾ ಹೇಳಿದ್ದು."

"ನಿನ್ನಿ ನೀ ನನಗೇನೂ ಹೇಳಿಲ್ಲ, ಅನ್ನಮ್ಮ."

"ಜಾಲರಿ ಹತ್ತಿರ ಹೇಳಿದ್ನಲ್ರಿ."

"ಅಲ್ಲಿ ಹೇಳಿದ್ದು ದೇವರಿಗೆ. ನನಗ ಗೊತ್ತಿಲ್ಲ." ಅವರ ಹಣೆಯಿಂದ ಬೆವರಿಳಿಯುತ್ತಿತ್ತು. "ಕುತ್ತಿಗಿಗೆ ಕತ್ತಿ ಇಟ್ಟರೂ ನನಗ ಗೊತ್ತಿಲ್ಲ."

ಆಗ ಅನ್ನಮ್ಮನಿಗೆ ತನ್ನ ಮಹಾ ಉಪಾಯದ ಪೂರ್ತಿ ಅಳತೆ ಸಿಕ್ಕಿತು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರು ಬಾಯಿಬಿಡುವಂತಿಲ್ಲ, ಬರೆಯುವಂತಿಲ್ಲ, ಹುಬ್ಬು ಹಾರಿಸಿ ಸೂಚಿಸುವಂತೆಯೂ ಇಲ್ಲ. ಊರಿನಲ್ಲಿ ಕಡತ ಮುಚ್ಚಿಸಬಲ್ಲ ಒಬ್ಬನೇ ಒಬ್ಬ ಮನುಷ್ಯನ ಬಾಯಿಗೆ ಅವಳು ತನ್ನ ಕೈಯಾರೆ ಬೀಗ ಜಡಿದಿದ್ದಳು.

ಮುಂದಿನ ಹತ್ತು ದಿನ ಇಬ್ಬರೂ ಒಬ್ಬರನ್ನೊಬ್ಬರು ಕಂಡರೆ ದಾರಿ ಬದಲಿಸುತ್ತಿದ್ದರು. ಗುರುಗಳು ಸೊರಗಿದರು. ಚೌರಪ್ಪ ಮಾತ್ರ ಊದಿಕೊಂಡ. ಕೊಪ್ಪಳ, ಗಂಗಾವತಿಯವರೆಗೆ ಸುದ್ದಿ ಕಳಿಸಿ, ಗುಡಿಯ ಹಿಂದೆ ಯಾತ್ರಿಕರ ಛತ್ರಕ್ಕೆ ಜಾಗವನ್ನೂ ಹೆಜ್ಜೆ ಹಾಕಿ ಅಳೆದ. ಅನ್ನಮ್ಮ ದಿನಕ್ಕೆ ಹತ್ತು ಸಲ ಕುಡಿಕೆಯನ್ನು ತಿಪ್ಪೆಗೆ ಎಸೆಯಲೆಂದು ಎತ್ತುವಳು, ಮತ್ತೆ ಹರಿವಿಯ ಹಿಂದಿಡುವಳು.

ವಿಚಾರಣೆಗೆ ಬಂದವರು ಗೋವೆಯ ಕಡೆಯ ಒಬ್ಬ ಮುದಿ ಗುರು. ಮುದಗಲ್ಲಿನಲ್ಲಿ ಮೂವತ್ತು ವರ್ಷ ಜೋಳದ ರೊಟ್ಟಿ ತಿಂದು ಕನ್ನಡ ಕಲಿತವರು. ಚೀಲದಲ್ಲಿ ಇಪ್ಪತ್ತೇಳು ಪ್ರಶ್ನೆಗಳ ಕಾಗದ, ಒಂದು ಭೂತಗನ್ನಡಿ, ಅರಗು, ಮುದ್ರೆ. ಬಂದವರೇ ಗುಡಿಯ ಜಗಲಿಯಲ್ಲಿ ಮೇಜು ಹಾಕಿಸಿ, ಲೋಟವನ್ನು ತರಿಸಿ ಮೂವರ ಎದುರು ಅರಗಿನ ಮುದ್ರೆ ಒತ್ತಿದರು. ಜನ ಕಿಟಕಿ, ಗೋಡೆ, ಬೇವಿನ ಮರ ಎಲ್ಲ ಹತ್ತಿದ್ದರು.

ಮೊದಲ ಹೆಸರು ಗುರು ಇನ್ನಾಸಪ್ಪನವರದು. ಅವರು ಎದ್ದು ನಿಂತು, "ಈ ವಿಷಯದಾಗ ನಾನು ಸಾಕ್ಷಿ ಹೇಳೂದಿಲ್ಲ. ನನ್ನನ್ನು ಬಿಡಬೇಕು" ಎಂದರು. ಚೌರಪ್ಪನ ಬಾಯಿ ತೆರೆದುಕೊಂಡಿತು. ತನ್ನದೇ ಗುಡಿಯ ಪವಾಡಕ್ಕೆ ಸಾಕ್ಷಿಯಾಗಲು ಒಲ್ಲದ ಗುರು ಲಾಂಚಿಯಾನೊದಲ್ಲಿ ಇದ್ದನೆ? ಮುದಿ ಗುರು ಕನ್ನಡಕದ ಮೇಲಿಂದ ಇನ್ನಾಸಪ್ಪನವರನ್ನು ಒಂದು ಗಳಿಗೆ ನೋಡಿ, ಕಾರಣ ಕೇಳದೆ, ಹೆಸರಿನ ಮುಂದೆ ಗೆರೆ ಎಳೆದರು.

ಆಮೇಲೆ ಸಾಕ್ಷಿಗಳು ಬಂದರು. ಮುದಿಯಪ್ಪಜ್ಜನನ್ನು ಮುದಿ ಗುರು, "ನಾ ಎಷ್ಟು ಬೆರಳು ತೋರಸೀನಿ?" ಎಂದು ಕೇಳಿದರು.

"ಆ ದಿನ ಕಂಡಿತ್ರಿ. ಇವತ್ತು ಬಿಸಲು ಭಾಳ ಐತಿ" ಎಂದ ಮುದಿಯಪ್ಪಜ್ಜ.

ಹದಿಮೂರು ಸಾಕ್ಷಿ ಮುಗಿದವು. ಹದಿನಾಲ್ಕನೆಯ ಹೆಸರು: ಅನ್ನಮ್ಮ, ಅಪ್ಪ ಸುಡುವವಳು.

ಅವಳು ಸೆರಗಿನೊಳಗೆ ಏನನ್ನೋ ಅವಚಿಕೊಂಡು ಬಂದಳು. ಪುಸ್ತಕದ ಮೇಲೆ ಕೈಯಿಟ್ಟಳು; ಕೈ ನಡುಗುತ್ತಿತ್ತು, ಜಪಮಾಲಮ್ಮ ಅದನ್ನು ಗಮನಿಸಿ ಪಕ್ಕದವಳನ್ನು ತಿವಿದಳು. ಇನ್ನಾಸಪ್ಪನವರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಹೆಸರು, ವಯಸ್ಸು, ಇಕ್ಕಳ ಎಲ್ಲಿಯದು, ಒಲೆಗೆ ಯಾವ ಕಟ್ಟಿಗೆ. ಒಂಬತ್ತನೆಯ ಪ್ರಶ್ನೆ ಬಂತು.

"ಹಿಟ್ಟು ಯಾವುದು?"

ಅನ್ನಮ್ಮ ಬಾಯಿ ತೆರೆದಳು. ಗೋಧಿ ಎಂಬ ಎರಡಕ್ಷರ ತುಟಿಯ ತುದಿಯಲ್ಲೇ ಇತ್ತು. ಮುದಿ ಗುರುವಿನ ಲೇಖನಿ ಕಾಗದದಿಂದ ಒಂದಂಗುಲ ಮೇಲೆ ನಿಂತಿತ್ತು. ಬೇವಿನ ಮರದ ಮೇಲಿನವರೂ ಮುಂದಕ್ಕೆ ಬಾಗಿದ್ದರು. ಅವಳು ಪುಸ್ತಕದ ಮೇಲಿದ್ದ ಕೈ ತೆಗೆಯದೆ, ಇನ್ನೊಂದು ಕೈಯಿಂದ ಸೆರಗಿನೊಳಗಿನ ಕುಡಿಕೆಯನ್ನು ಲೋಟದ ಪಕ್ಕಕ್ಕಿಟ್ಟಳು.

"ಮೂರು ಪಾಲು ಗೋಧಿ, ಒಂದು ಪಾಲು ಜ್ವಾಳ ರೀ. ಇವು ಅವ ಅಪ್ಪದ ಅಂಚು. ಗುಡಿಗೆ ಬಂದಿಲ್ಲ, ಪೂಜಿ ಆಗಿಲ್ಲ. ಇವೂ ಕೆಂಪಾಗ್ಯಾವ."

ಮುದಿ ಗುರು ಮುಚ್ಚಳ ತೆಗೆದು ಭೂತಗನ್ನಡಿ ಹಿಡಿದರು. ಆಮೇಲೆ ಅದನ್ನು ಬದಿಗಿಟ್ಟು ಕುಡಿಕೆಗೆ ಮೂಗು ಒಡ್ಡಿದರು. ಮುದಗಲ್ಲಿನ ಮೂವತ್ತು ವರ್ಷ ಆ ಮೂಗಿನಲ್ಲಿತ್ತು. "ಹಗೇವು" ಎಂದರು.

ಚೌರಪ್ಪ ಮುನ್ನುಗ್ಗಿದ. "ನೋಡ್ರಿ, ಪವಾಡ ಅಡಿಗಿ ಮನಿತನಕ ಹಬ್ಬೇತಿ. ಇದನ್ನೂ ಬರಕೋರಿ."

"ಪೂಜೆಯಾಗದ ಹಿಟ್ಟೂ ಹಿಂಗ ಕೆಂಪಾದರ ಅದಕ್ಕ ಪವಾಡ ಅನ್ನೂದಿಲ್ಲಪ್ಪ, ಬೂಷ್ಟು ಅಂತಾರ. ಅದನ್ನ ಬರಕೋತೀನಿ." ಲೇಖನಿ ಓಡಿತು. ಲಾಂಚಿಯಾನೊ, ಬೊಲ್ಸೇನಾಗಳ ಸಾಲಿನಿಂದ ಕುಷ್ಟಗಿ ಅರ್ಧ ಗಳಿಗೆಯಲ್ಲಿ ಕೆಳಗಿಳಿಯಿತು. "ಯಾರ ಹಗೇವು?"

"ಅದು ನಿಮ್ಮ ಇಪ್ಪತ್ತೇಳು ಪ್ರಶ್ನಿ ಒಳಗ ಐತೇನ್ರಿ?" ಎಂದಳು ಅನ್ನಮ್ಮ.

ಮುದಿ ಗುರು ಕಾಗದವನ್ನು ಮೇಲಿಂದ ಕೆಳಗೆ ನೋಡಿದರು. "ಇಲ್ಲ" ಎಂದರು. ಗೋಡೆಯ ಕಡೆಯಿಂದ ಇನ್ನಾಸಪ್ಪನವರು ಹನ್ನೊಂದು ದಿನಗಳ ಉಸಿರನ್ನು ಒಮ್ಮೆಗೇ ಬಿಟ್ಟ ಸದ್ದು ಕೇಳಿತು.

"ಆ ನಾನೂರು ಮಂದಿಗೆ ಮುಟ್ಟಿದ್ದು ಪ್ರಸಾದ ಹೌದೋ ಅಲ್ಲೋ, ಸ್ವಾಮೇರ?" ಅನ್ನಮ್ಮ ಕೇಳಿದಳು.

"ಮುಕ್ಕಾಲು ಗೋಧಿ ಇತ್ತು. ತೀರ್ಮಾನ ಬಿಷಪ್ಪರದು. ಕೊಟ್ಟ ಪಾಪ ಇದ್ದರ ಅದು ನಿನ್ನದು, ತಗೊಂಡವರದಲ್ಲ." ಅವರು ಕೈ ಚಾಚಿದರು. "ಇಕ್ಕಳ ತರಸು."

ಇಮಾಮಬಾನು ಹೋಗಿ ತಂದಳು. ತರುವಾಗ ದಾರಿಯುದ್ದಕ್ಕೂ ಸೆರಗಿನಿಂದ ಒರೆಸುತ್ತಿದ್ದಳು. ಮೇಜಿನ ಮೇಲೆ ಕಬ್ಬಿಣ ಕುಳಿತಾಗ ಜಪಮಾಲಮ್ಮ ಆಗಲೇ ಎರಡು ಹೆಜ್ಜೆ ಮುಂದೆ ಬಂದಿದ್ದಳು.

"ನೀ ಸುಡ್ತೀಯೇನವ್ವ?" ಎಂದರು ಮುದಿ ಗುರು.

"ಹೂನ್ರಿ. ಹನ್ನೆರಡು ವರ್ಷದಿಂದ ತಯಾರದೀನ್ರಿ."

"ಗೋಧಿ ಸಿಗಲಿಲ್ಲ ಅಂದರ?"

"ಹೆಂಗರ ಮಾಡಿ ಹೊಂದಸ್ತೀನ್ರಿ. ತಾಟು ಖಾಲಿ ಬಿಡೂದಿಲ್ರಿ."

ಮುದಿ ಗುರು ಅನ್ನಮ್ಮನ ಕಡೆ ತಿರುಗಿದರು. "ನೀನು?"

ಅನ್ನಮ್ಮ ಇಕ್ಕಳವನ್ನೇ ನೋಡುತ್ತಿದ್ದಳು. ಅತ್ತೆಯ ಕೈ, ತನ್ನ ಕೈ ಸವೆಸಿದ ಹಿಡಿಕೆಗಳು. "ನಾನೂ ಹೆಂಗರ ಮಾಡಿ ಹೊಂದಿಸಿದ್ನಿರಿ. ಅದಕ್ಕ ಇಲ್ಲಿ ನಿಂತೀನಿ. ಇನ್ನ ಮ್ಯಾಲೆ ಸಿಗಲಿಲ್ಲಂದರ ಖಾಲಿ ತಾಟ ತಂದು ಇಡ್ತೀನ್ರಿ."

ಮುದಿ ಗುರು ಇಕ್ಕಳವನ್ನು ಒಮ್ಮೆ ತೆರೆದು ಮುಚ್ಚಿ, ಹಿಡಿಕೆ ಅವಳ ಕಡೆಗಿರುವಂತೆ ತಿರುಗಿಸಿಟ್ಟರು. ಕಡತಕ್ಕೆ ಅರಗು ಬಿತ್ತು. ಲೋಟದ ನೀರನ್ನು ಪೀಠದ ಹಿಂದಿನ ನೆಲಕ್ಕೆ ಸುರಿದದ್ದಾಯಿತು. ಚೌರಪ್ಪ ಶಾಯಿಯ ಮೆತ್ತೆ ಮುಚ್ಚಿ ಮನೆಗೆ ಹೋದ. ಮೂರು ದಿನ ಯಾರೊಂದಿಗೂ ಮಾತಾಡಲಿಲ್ಲವೆಂಬುದು ಆ ವರ್ಷ ಕುಷ್ಟಗಿಯಲ್ಲಿ ನಡೆದ ಏಕೈಕ ಪವಾಡ ಎಂದು ಇಮಾಮಬಾನು ಬಹುಕಾಲ ಹೇಳುತ್ತಿದ್ದಳು.

ಮುಂದಿನ ಶನಿವಾರವೂ ಗೋಧಿ ಬರಲಿಲ್ಲ. ಹಬ್ಬದ ನಂತರದ ಎರಡು ಭಾನುವಾರ ಪವಾಡದ ಭಕ್ತರು ತಂದುಕೊಟ್ಟ ಹಿಡಿ ಹಿಡಿ ಗೋಧಿಯಲ್ಲಿ ಸಾಗಿದ್ದವು; ಈಗ ಡಬ್ಬಿಯ ತಳ ಕೆರೆದರೂ ಒಂದು ಚಮಚ ಹಿಟ್ಟಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಅನ್ನಮ್ಮನ ಒಲೆ ಆ ಮಧ್ಯಾಹ್ನ ತಣ್ಣಗಿತ್ತು. ಅವಳು ತಾಟನ್ನು ಮಾತ್ರ ಬೂದಿ ಹಾಕಿ ಮುಖ ಕಾಣುವಷ್ಟು ತಿಕ್ಕಿದಳು.

ಭಾನುವಾರ ಗುಡಿ ತುಂಬಿತ್ತು. ಪವಾಡ ಮುರಿದವಳು ಬರುತ್ತಾಳೋ ಇಲ್ಲವೋ ಎಂದು ನೋಡಲೇ ಅರ್ಧ ಜನ ಬಂದಿದ್ದರು. ಅನ್ನಮ್ಮ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ತಾಟಿನ ಮೇಲೆ ಯಾವಾಗಲೂ ಹೊದಿಸುತ್ತಿದ್ದ ಬಿಳಿ ವಸ್ತ್ರ ಅವಳ ಹೆಗಲ ಮೇಲಿತ್ತು. ಅದನ್ನು ಹೊದಿಸಿದರೆ ಒಳಗೆ ಏನಿದೆಯೆಂದು ಯಾರಿಗೂ ಕಾಣುತ್ತಿರಲಿಲ್ಲ. ಅವಳು ವಸ್ತ್ರವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದಳು. ಬರಿದಾದ ತಾಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಡುಹಾದಿಗೆ ಇಳಿದಳು. ಜಪಮಾಲಮ್ಮನ ಸಾಲು ದಾಟುವಾಗ ಹೆಜ್ಜೆ ಒಂದಿಷ್ಟು ತಡವರಿಸಿತು, ಆದರೆ ನಿಲ್ಲಲಿಲ್ಲ.

ಪೀಠದ ಮುಂದೆ ಇನ್ನಾಸಪ್ಪನವರು ಕಾದಿದ್ದರು. ತಾಟನ್ನು ನೋಡಿದರು, ಎರಡೂ ಕೈ ಚಾಚಿ ಇಸಿದುಕೊಂಡರು, ತುಂಬಿದ ತಾಟನ್ನು ಇಡುವ ಜಾಗದಲ್ಲೇ ಇಟ್ಟರು. ಜನರ ಕಡೆ ತಿರುಗಿ, "ಇವತ್ತು ಪರಮಪ್ರಸಾದ ಇಲ್ಲ. ಜಪಮಾಲಿ ಹೇಳೂಣು" ಎಂದರು.

ಅನ್ನಮ್ಮ ಹೆಂಗಸರ ಸಾಲಿನಲ್ಲಿ ತನ್ನ ಜಾಗಕ್ಕೆ ಹೋಗಿ ಮೊಣಕಾಲೂರಿದಳು. ಬರಿಗೈಗೆ ಏನೂ ತೋಚಲಿಲ್ಲ. ಇಕ್ಕಳ ಹಿಡಿದವಳಂತೆ ಎರಡೂ ಅಂಗೈ ಅದುಮಿಕೊಂಡು, ಒಂದು ಪರಲೋಕ ಮಂತ್ರ ಹೇಳಿ ಮುಗಿಸುವಷ್ಟು ಹೊತ್ತು ಹಾಗೇ ಕುಳಿತಳು.